ಬಾಣಂತಿ ಕೋಣೆಯ ಮೇಲಿನ ಹುರುಳಿ

ಎರಡನೆಯ ಹೆರಿಗೆಗೆಂದು ತವರಿಗೆ ಬಂದ ನೀಲು ತನ್ನ ಟ್ರಂಕನ್ನು ನಡುಮನೆಯಲ್ಲೇ ಇಳಿಸಿದಳು.

"ಕೋಣೇಲಿಡೋಣ ಬಾ" ಎಂದು ವಿಮಲಮ್ಮ ಕರೆದಳು.

"ಇಲ್ಲೇ ಇರ್ಲಿ ಬಿಡಮ್ಮ" ಎಂದ ನೀಲು ಟ್ರಂಕಿನ ಮೇಲೇ ಕೂತು ಸೆರಗಿನಿಂದ ಕತ್ತು ಒರೆಸಿಕೊಂಡಳು. ಕೋಣೆಯ ಬಾಗಿಲ ಕಡೆ ಒಮ್ಮೆಯೂ ತಿರುಗಲಿಲ್ಲ.

ಕಾರಣ ವಿಮಲಮ್ಮನಿಗೆ ಗೊತ್ತಿತ್ತು. ಹೋದ ವರ್ಷದ ಏಪ್ರಿಲ್‌ನಲ್ಲಿ ಅದೇ ಕೋಣೆಯಲ್ಲಿ ನೀಲುವಿನ ಚೊಚ್ಚಲ ಗಂಡುಮಗು ಹತ್ತೊಂಬತ್ತು ದಿನ ಬಾಳಿತ್ತು. ಇಪ್ಪತ್ತನೆಯ ದಿನ ಮಧ್ಯಾಹ್ನ ಮೈ ಕೆಂಡದಂತೆ ಸುಡುತ್ತ, ಅಳುವುದಕ್ಕೂ ಬಾಯಿ ಒಣಗಿ, ಡಾಕ್ಟರು ಬರುವಷ್ಟರಲ್ಲಿ ಕಣ್ಣು ಮುಚ್ಚಿತ್ತು. ದೃಷ್ಟಿ ಎಂದರು ಕೆಲವರು. ಹಾಲು ಕೆಟ್ಟಿತ್ತು ಎಂದರು ಇನ್ನು ಕೆಲವರು. ತಲೆಯೆತ್ತಿ ಮೇಲೆ ನೋಡಿದವರು ಯಾರೂ ಇಲ್ಲ.

ಮೇಲಿದ್ದದ್ದು ಮೋಲ್ಡು. ಮೂಡಲಪಾಳ್ಯದ ಆ ಬೀದಿಗೆ ಮೊಟ್ಟಮೊದಲ ಕಾಂಕ್ರೀಟಿನ ತಾರಸಿ. ವಿಮಲಮ್ಮನ ಗಂಡ ಚನ್ನಕೇಶವ ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಲೇತ್ ಮೇಲೆ ಕೆಲಸ ಮಾಡುವವನು. ಮೂರು ವರ್ಷದ ಹಿಂದೆ ಅಪ್ಪನ ಕಾಲದ ಮಣ್ಣಿನ ಮಾಳಿಗೆ ಕೆಡವಿ ಈ ಮನೆ ಕಟ್ಟಿಸಿದ್ದ. ಮೋಲ್ಡು ಹಾಕಿದ ಮೇಲೆ ಇಪ್ಪತ್ತೊಂದು ದಿನ ಡ್ಯೂಟಿಗೆ ಮುಂಚೆ, ಡ್ಯೂಟಿ ಮುಗಿದ ಮೇಲೆ ತಾನೇ ಬಾವಿಯಿಂದ ನೀರು ಹೊತ್ತು ಕಟ್ಟಿ ನಿಲ್ಲಿಸಿದ್ದ. ಲಗ್ಗೆರೆಯಿಂದ ಕೂಡ ನೆಂಟರು ಬಂದು ಮೇಲೆ ಹತ್ತಿ, ಕಾಲಿನಿಂದ ತಟ್ಟಿ ನೋಡಿ, "ಬಂಡೆ ಕಣಪ್ಪಾ" ಎಂದು ಹೋಗಿದ್ದರು. ಬಂಡೆಯೇ. ಬೇಸಿಗೆ ಬಂತೆಂದರೆ ಹಗಲೆಲ್ಲ ಬಿಸಿಲು ಕುಡಿದು, ದೀಪ ಹಚ್ಚುವ ಹೊತ್ತಿಗೆ ಒಳಗಿನವರ ಮೇಲೆ ಅದನ್ನು ಕಾರುತ್ತಿತ್ತು. ಸ್ಟೂಲು ಹತ್ತಿ ಸೂರು ಮುಟ್ಟಿದರೆ ರೊಟ್ಟಿ ಹಂಚು ಮುಟ್ಟಿದ ಹಾಗೆ. ಬಾಗಿಲು ಹಾಕಿಕೊಳ್ಳಬಹುದಾದ ಕೋಣೆ ಇಡೀ ಮನೆಗೆ ಅದೊಂದೇ. ಬಾಣಂತಿ ಅಲ್ಲೇ ಮಲಗಬೇಕು.

ನೀಲುವನ್ನು ಬಿಡಲು ಬಂದಿದ್ದ ಅಳಿಯ ಗೋಪೀನಾಥ ಕೆಂಗೇರಿ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವ ಗುಮಾಸ್ತ. ಮಾತು ಕಡಿಮೆ. ಕಾಫಿ ಲೋಟ ಕೆಳಗಿಟ್ಟು ಹೊರಡುವಾಗ ಮಾತ್ರ ಹೊಸಿಲಲ್ಲಿ ನಿಂತು ಹೇಳಿದ: "ಅತ್ತೆ, ನಮ್ಮಮ್ಮ ಇದ್ದಿದ್ರೆ ಈ ಸಲ ಕಳಿಸ್ತಿರ್ಲಿಲ್ಲ. ಬೇಜಾರು ಮಾಡ್ಕೋಬೇಡಿ. ಇದ್ದದ್ದು ಹೇಳ್ದೆ."

ವಿಮಲಮ್ಮ ತಲೆ ತಗ್ಗಿಸಿ ಲೋಟ ಎತ್ತಿಕೊಂಡಳು.

ಮಗು ಹೋದ ಆ ವಾರ ಅವಳು ಮನೆಯೊಳಗೆ ಕೂರಲಾರದೆ ಕೊಟ್ಟಿಗೆಗೆ ಹೋಗಿ ಕೂರುತ್ತಿದ್ದಳು. ಕೊಟ್ಟಿಗೆಗೆ ಹೊದಿಸಿದ್ದು ತಗಡು. ಆ ತಗಡಿನ ಮೇಲೆ ಸಿಹಿಗುಂಬಳದ ಬಳ್ಳಿ ಹಬ್ಬಿ, ಎಲೆಯ ಮೇಲೆ ಎಲೆ ಬಿದ್ದಿತ್ತು. ಮಟಮಟ ಮಧ್ಯಾಹ್ನದಲ್ಲೂ ಒಳಗೆ ತಂಪು. ಹಸು ಕಣ್ಣು ಮುಚ್ಚಿ ಮೆಲುಕು ಹಾಕುತ್ತಿತ್ತು. ಹಸುವಿಗಿರುವ ತಂಪು ನಮ್ಮ ಬಾಣಂತಿಗೆ ಇರಲಿಲ್ಲವಲ್ಲ ಎಂದು ಅವತ್ತು ಅನ್ನಿಸಿದ್ದು ವರ್ಷವಾದರೂ ಹೋಗಿರಲಿಲ್ಲ.

ನೀಲು ಬಂದ ದಿನ ರಾತ್ರಿ ಊಟಕ್ಕೆ ಬಡಿಸುತ್ತ ಅವಳು ಗಂಡನಿಗೆ ಹೇಳಿಯೇಬಿಟ್ಟಳು.

"ಕೋಣೆ ಮೇಲೆ ಒಂದಿಷ್ಟು ಮಣ್ಣು ಹಾಕಿ ಏನಾದ್ರೂ ಹಸಿರು ಬೆಳೆಸೋಣ ಅಂತಿದೀನಿ. ಬಿಸಿಲು ಕೆಳಗಿಳಿಯಲ್ಲ."

ಚನ್ನಕೇಶವ ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿದ. "ಮೋಲ್ಡ್ ಮೇಲೆ ಮಣ್ಣು? ಯಾರು ಹೇಳಿದ್ದು ನಿಂಗೆ?"

"ಕೊಟ್ಟಿಗೆ ನೋಡಿ."

"ಕೊಟ್ಟಿಗೆ ತಗಡು. ತೂತಾದ್ರೆ ಬೇರೆ ತಗಡು. ಇದು ತೇವ ಕುಡಿದು ಒಳಗಿನ ಕಂಬಿ ತುಕ್ಕು ಹಿಡಿದ್ರೆ ಏನ್ ಮಾಡ್ತೀಯಾ? ಬೇಕಾದ್ರೆ ತೆಂಗಿನ ಗರಿ ಹಾಕೋಣ."

"ಹೋದ್ ವರ್ಷ ಹಾಕಿದ್ರಲ್ಲ. ನಾಲ್ಕು ದಿನಕ್ಕೆ ಒಣಗಿ ಗಾಳಿಗೆ ಪಕ್ಕದ ಮನೆ ಹಿತ್ತಲಿಗೆ ಹೋಯ್ತು."

ಮೂಲೆಯಲ್ಲಿ ಕೂತಿದ್ದ ಅತ್ತೆ ವೆಂಕಟಲಕ್ಷ್ಮಮ್ಮ ಸಾರು ಸುರಿದುಕೊಳ್ಳುತ್ತಲೇ ಕೇಳಿಸಿಕೊಂಡರು. ಎಪ್ಪತ್ತು ದಾಟಿದ ಹೆಂಗಸು, ಆದರೂ ಕಿವಿ ಚುರುಕು. "ಬಾಣಂತಿಗೆ ಕಾವು ಬೇಕು ಕನವ್ವ. ತಂಪು ಮಾಡಿ ಸನ್ನಿ ಹಿಡಿಸ್ಬುಟ್ಟೀಯ" ಎಂದರು.

"ಬಾಣಂತಿ ಮಾತು ಆಮೇಲೆ, ಅತ್ತೆ. ಮಗು?"

ನೀಲು ಅರ್ಧ ಮುದ್ದೆ ಬಿಟ್ಟು ಎದ್ದು ಕೈ ತೊಳೆಯಲು ಹೋದಳು.

ಆಮೇಲಿನ ಎರಡು ದಿನ ವಿಮಲಮ್ಮ ಗಂಡನ ಹತ್ತಿರ ಆ ಸುದ್ದಿ ಎತ್ತಲಿಲ್ಲ. ಅತ್ತೆಯ ಹಿಂದೆ ಬಿದ್ದಳು. ಹಿತ್ತಲಲ್ಲಿ ಅವರ ತಲೆಗೆ ಹರಳೆಣ್ಣೆ ಹಚ್ಚುತ್ತ, "ಅತ್ತೆ, ನಿಮ್ಮ ಹಳೇ ಮಾಳಿಗೆ ಮನೇಲಿ ನೀವು ಐದು ಹೆತ್ರಲ್ಲ. ಬೇಸಿಗೇಲಿ ಎಷ್ಟು?" ಎಂದಳು.

"ಮೂರು ಬ್ಯಾಸ್ಗೇಲೆ."

"ಕಿಟಕಿ ಮುಚ್ಚೇ ಇತ್ತಾ?"

"ಕಿಟಕಿ ಎಲ್ಲಿತ್ತು? ಒಂದು ಬೆಳಕಿಂಡಿ. ಅದ್ಕೂ ಬಟ್ಟೆ ತುರುಕ್ತಿದ್ರು ನಮ್ಮತ್ತೆ."

"ಮಕ್ಕಳಿಗೆ ಏನೂ ಆಗ್ಲಿಲ್ಲ."

"ಏನಾಗ್ತದೆ? ಮೇಲೆ ಮೊಳದುದ್ದ ಮಣ್ಣು..." ವೆಂಕಟಲಕ್ಷ್ಮಮ್ಮನ ಮಾತು ಅಲ್ಲಿಗೇ ನಿಂತಿತು. ಎಣ್ಣೆ ಕಣ್ಣಿಗೆ ಇಳಿದರೂ ಒರೆಸಿಕೊಳ್ಳಲಿಲ್ಲ. "ನಿನ್ ಗಂಡ ಆ ಮಾಳಿಗೆ ಕೆಡವ್ವಾಗ ನನ್ನನ್ನ ಒಂದ್ ಮಾತು ಕೇಳ್ಲಿಲ್ಲ" ಎಂದರು.

"ನಾನು ಕಿಟಕಿ ತೆಗೀರಿ ಅನ್ನಲ್ಲ. ಟೋಪಿ, ಅಗ್ಗಿಷ್ಟಿಕೆ ನಿಮ್ಮಿಷ್ಟ. ಮೇಲೆ ಮಣ್ಣು ಹಾಕಕ್ಕೆ ಮಾತ್ರ ನನ್ನ ಜೊತೆ ಬನ್ನಿ."

"ಕೇಶ್ವ ಸುಮ್ನಿರಾಕಿಲ್ಲ."

"ಇರಲ್ಲ."

"ಗಾಡಿ ಬೆಟ್ಟಯ್ಯಂಗೆ ಹೇಳಿ ಕಳ್ಸು" ಎಂದರು ವೆಂಕಟಲಕ್ಷ್ಮಮ್ಮ. "ಕೆರೆ ಕೆಳಗಡೆ ಕರಲು ಮಣ್ಣು ಸಿಗ್ತದೆ. ಬ್ಯಾರೆ ಮಣ್ಣು ತಂದ್ಗಿಂದಾನು."

ಸೋಮವಾರ ಚನ್ನಕೇಶವ ಏಳು ಗಂಟೆಯ ಬಸ್ಸು ಹತ್ತಿದ ಮೇಲೆ ಬೆಟ್ಟಯ್ಯನ ಎತ್ತಿನ ಗಾಡಿ ಮನೆಯ ಮುಂದೆ ನಿಂತಿತು. ಬೂದಿ ಬಣ್ಣದ, ಕೈಗೆ ಸಾಬೂನಿನಂತೆ ಜಾರುವ ಮಣ್ಣು. ವಿಮಲಮ್ಮ ಬಾಣಲಿಯಲ್ಲಿ ಹೊತ್ತು ಏಣಿ ಹತ್ತಿದಳು. ಮೇಲೆ ವೆಂಕಟಲಕ್ಷ್ಮಮ್ಮ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಕೋಣೆಯ ಉದ್ದಗಲಕ್ಕೆ ಎರಡು ಬೆರಳು ದಪ್ಪ ಹರಡಿ, ನೀರು ಚಿಮುಕಿಸಿ, ಹಿಮ್ಮಡಿಯಿಂದ ತುಳಿತುಳಿದು ಕೂರಿಸಿದರು. ಮಳೆನೀರು ಹೋಗುವ ತೂಬಿನ ಕಡೆಗೆ ಇಳಿಜಾರು ಬರುವ ಹಾಗೆ ಅಂಗೈಯಲ್ಲಿ ಸವರಿದರು. ಆ ವಯಸ್ಸಿನಲ್ಲಿ ಆ ಕಾಲುಗಳಿಗೆ ಅಷ್ಟು ಕಸುವು ಎಲ್ಲಿತ್ತೋ.

"ಅಜ್ಜಿ, ಕುಣೀತಿದೀಯೇನೇ?" ಕೆಳಗಿನಿಂದ ನೀಲು ಕೂಗಿದಳು. ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು.

ಸಂಜೆ ವಿಮಲಮ್ಮ ಅದರ ಮೇಲೆ ಗೀರು ಎಳೆದು ಒಂದು ಸೇರು ಹುರುಳಿ ಚೆಲ್ಲಿದಳು. ಹುರುಳಿಗೆ ಕಾಳಜಿ ಬೇಡ, ನಾಲ್ಕು ದಿನಕ್ಕೆ ಮೊಳಕೆ, ಇಪ್ಪತ್ತು ದಿನಕ್ಕೆ ನೆಲ ಕಾಣಿಸದ ಹಾಗೆ ಎಲೆ.

ಚನ್ನಕೇಶವ ಬಂದವನು ಏಣಿಯ ಮೆಟ್ಟಿಲ ಮೇಲಿನ ಕೆಸರು ನೋಡಿದ. ಟಿಫನ್ ಡಬ್ಬಿ ಕೈಯಲ್ಲೇ ಹಿಡಿದು ಮೇಲೆ ಹತ್ತಿದ. ಇಳಿದಾಗ ಮುಖ ಬಿಗಿದಿತ್ತು.

"ಯಾರನ್ನ ಕೇಳಿ ಮಾಡಿದ್ರಿ?"

"ನಾನೇ ಹಾಕಿಸ್ದೆ" ಎಂದರು ವೆಂಕಟಲಕ್ಷ್ಮಮ್ಮ.

"ನೀನು ಸುಮ್ನಿರವ್ವ, ನಿನ್ನ ಕಾಲ ಮುಗೀತು. ವಿಮ್ಲಾ, ನಿನ್ನನ್ನ ಕೇಳ್ತಿರೋದು."

ವಿಮಲಮ್ಮ ಒಲೆಯ ಮುಂದಿನಿಂದ ಎದ್ದು ಬಂದಳು. "ಕಳೆದ ಸಲ ಆ ಕೋಣೇಲಿ ಸಂಜೆ ನೀವು ಒಂದ್ ಗಂಟೆ ಕೂತಿದ್ರಾ? ಕೂತಿದ್ರೆ ಕೇಳ್ತಿರ್ಲಿಲ್ಲ."

"ಅಂದ್ರೆ? ಮಗು ಹೋಗಿದ್ದು ಮೋಲ್ಡಿಂದ ಅಂತೀಯಾ?"

ಅವಳು ಸೆರಗಿಗೆ ಕೈ ಒರೆಸಿಕೊಂಡಳು.

"ಬಾಯ್ಬಿಟ್ಟು ಹೇಳು! ನಾನು ಕಟ್ಟಿಸಿದ ಮನೇನೇ ನನ್ನ ಮೊಮ್ಮಗನ್ನ ತಿಂತು ಅಂತೀಯಾ?"

ನಡುಮನೆಯಲ್ಲಿ ನೀಲು ಹೊಟ್ಟೆಯ ಮೇಲೆ ಎರಡೂ ಕೈಯಿಟ್ಟು ನಿಂತಿದ್ದಳು. ಅವಳನ್ನು ನೋಡಿ ಚನ್ನಕೇಶವನ ದನಿ ಇಳಿಯಿತು, ಮಾತು ಇಳಿಯಲಿಲ್ಲ. "ಇರ್ಲಿ. ನೀಲು ಮುಖ ನೋಡಿ ಬಿಟ್ಟಿದೀನಿ. ಆದ್ರೆ ಒಳಗಡೆ ಒಂದೇ ಒಂದು ತೊಟ್ಟು ಸೋರ್ಲಿ, ಅವತ್ತೇ ಗುದ್ದಲಿ ತಗೊಂಡು ಮೇಲೆ ಹೋಗ್ತೀನಿ. ಆಮೇಲೆ ಯಾರೂ ಅಡ್ಡ ಬರ್ಬಾರ್ದು."

ಅಂದಿನಿಂದ ಅವನು ಹೆಂಡತಿಯ ಜೊತೆ ಮಾತು ಬಿಟ್ಟ. "ನಿಮ್ಮಮ್ಮಂಗೆ ಹೇಳು, ನಾಳೆ ಫಸ್ಟ್ ಶಿಫ್ಟು" ಎಂದು ಮಗಳ ಮೂಲಕ ಹೇಳಿಸುತ್ತಿದ್ದ.

ನಾಲ್ಕು ದಿನವಾಯಿತು. ಆರು ದಿನ. ಎಂಟು. ಅಕ್ಕಿ ತೊಳೆದ ನೀರು, ಪಾತ್ರೆ ತೊಳೆದ ನೀರು ಎಲ್ಲವನ್ನೂ ವಿಮಲಮ್ಮ ಹೊತ್ತು ಹಾಕುತ್ತಿದ್ದಳು. ಒಂದೂ ಹುರುಳಿ ಕಣ್ಣು ಬಿಡಲಿಲ್ಲ. ಕೆದಕಿ ನೋಡಿದರೆ ಕಾಳು ಊದಿಕೊಂಡು, ಕಪ್ಪಾಗಿ, ಕೊಳೆತಿತ್ತು. ಗಂಡ ದಿನಾ ಸಂಜೆ ಕೈಕಾಲು ತೊಳೆಯುವ ಮುಂಚೆ ಏಣಿ ಹತ್ತಿ ಇಳಿಯುತ್ತಿದ್ದ. "ನಿಮ್ಮಮ್ಮನ ಬೆಳೆ ಹೆಂಗಿದೆ, ನೀಲೂ? ಕಟಾವಿಗೆ ಆಳು ಕರೀಬೇಕಾ?"

ಅಷ್ಟರಲ್ಲಿ ಹೆರಿಗೆಯೇ ಆಗಿಹೋಯಿತು. ಹೆಣ್ಣುಮಗು, ಚೆನ್ನಾಗಿತ್ತು. ಆಸ್ಪತ್ರೆಯಿಂದ ಐದನೆಯ ದಿನ ಮನೆಗೆ ಬಂದರು. ಕೋಣೆಯ ಹೊಸಿಲಲ್ಲಿ ನೀಲು ಒಂದು ಗಳಿಗೆ ನಿಂತಳು. ಆಮೇಲೆ ಮಗುವನ್ನು ಎದೆಗೊತ್ತಿಕೊಂಡು ಒಳಗೆ ಹೋದಳು. ಟ್ರಂಕು ಮಾತ್ರ ನಡುಮನೆಯಲ್ಲೇ ಉಳಿಯಿತು. ಸೀರೆ ಬೇಕೆಂದರೆ ಅಮ್ಮನೇ ತೆಗೆದುಕೊಡಬೇಕು.

ಕಿಟಕಿ ಮುಚ್ಚಿತು. ತಾಯಿಗೆ ಕಿವಿಗೆ ಹತ್ತಿ, ತಲೆಗೆ ಬಿಗಿದ ಬಟ್ಟೆ. ಮಗುವಿಗೆ ಉಲ್ಲನ್ ಟೋಪಿ. ಮಂಚದಡಿ ಅಗ್ಗಿಷ್ಟಿಕೆ. ಮೇಲಿನ ಮಣ್ಣು ಬಿಸಿಲಿಗೆ ಒಣಗಿ ಬೆರಳಗಲ ಬಿರುಕು ಬಿಟ್ಟಿತ್ತು. ಏಳನೆಯ ದಿನಕ್ಕೆ ಮಗುವಿನ ಕುತ್ತಿಗೆ, ಬೆನ್ನು ತುಂಬ ಬೆವರುಸಾಲೆ.

ಅವತ್ತು ಮಧ್ಯಾಹ್ನ ಬಾಣಂತಿಗೆ ಎರೆಯಲು ನೀರು ಕಾಯಿಸುತ್ತಿದ್ದಾಗ ವಿಮಲಮ್ಮನ ತಾಳ್ಮೆ ಕಿತ್ತುಹೋಯಿತು.

"ನಿಮ್ಮ ಹಳೇ ಮಾಳಿಗೆ ಮೇಲೆ ಏನ್ ಬೆಳೀತಿತ್ತು ಅತ್ತೆ? ಅದನ್ನಾದ್ರೂ ಹೇಳಿ, ಅದನ್ನೇ ಬಿತ್ತೀನಿ."

"ಬೆಳೆಯಾಕೆ ಯಾರು ಬಿಡ್ತಿದ್ರು? ಒಂದ್ ಗರಿಕೆ ಎದ್ರೂ ಬೇರು ಇಳಿದು ಸೋರ್ತದೆ ಅಂತ ಕಿತ್ತು ಬಿಸಾಕ್ತಿದ್ವಿ. ಏನೂ ಹುಟ್ಟಬಾರ್ದು ಅಂತಾನೇ ಅಲ್ವಾ ಕರಲು ಹಾಕೋದು? ಅದ್ರಲ್ಲಿ ಉಪ್ಪಿರ್ತದೆ."

ವಿಮಲಮ್ಮನ ಕೈಯಲ್ಲಿದ್ದ ಸೌದೆ ಕೈಯಲ್ಲೇ ಉಳಿಯಿತು. ವೆಂಕಟಲಕ್ಷ್ಮಮ್ಮ ತಾವಾಡಿದ ಮಾತು ತಾವೇ ಕೇಳಿಸಿಕೊಂಡವರಂತೆ ಬಾಯಿ ಮೇಲೆ ಬೆರಳಿಟ್ಟರು.

"ಅಯ್ಯೋ ನನ್ ಬುದ್ಧಿಗಿಷ್ಟು! ಏನೂ ಹುಟ್ಟದಿರೋ ಮಣ್ಣು ಹೊರ್ಸಿ, ಹುಟ್ಲಿ ಅಂತ ಕಾಯ್ತಾ ಕೂತ್ಕಂಡಿದೀವಲ್ಲೇ!"

"ಹದಿನೈದು ದಿನ ನೀರು ಹೊತ್ತೆ ಅತ್ತೆ, ಉಪ್ಪಿಗೆ!"

ಇಬ್ಬರೂ ನಕ್ಕರು. ನಗುತ್ತ ನಗುತ್ತ ವಿಮಲಮ್ಮನಿಗೆ ಅಳು ಬಂತು. ಅತ್ತೆ ಅವಳ ಬೆನ್ನಿಗೆ ಒಂದು ಗುದ್ದು ಹಾಕಿ, "ಅಳೋದು ಆಮ್ಯಾಕೆ. ಕರಲು ತೆಗೀಬೇಡ, ತುಳಿದಿರೋದು ಹಂಗೇ ಇರ್ಲಿ. ಅದ್ರ ಮ್ಯಾಲೆ ಕೆರೆ ಗೋಡು ಹಾಕು. ಬೆಟ್ಟಯ್ಯ ಇನ್ನೂ ಗಾಡಿ ಕಟ್ಟಿಲ್ಲೇನೋ, ಓಡು" ಎಂದರು.

ಬತ್ತಿದ ಕೆರೆಯ ಕಪ್ಪು ಗೋಡು, ತಿಪ್ಪೆಯ ಹಳೆಯ ಗೊಬ್ಬರ, ನಾಲ್ಕು ಬೆರಳು ದಪ್ಪ. ಹುರುಳಿಯನ್ನು ಈ ಸಲ ರಾತ್ರಿಯೇ ನೆನೆಹಾಕಿ ಬಿತ್ತಿದರು. ನೀರಿಗೆ ಇನ್ನೊಂದು ಜಗಳ. ಬಾವಿಯ ನೀರು ತಳ ಕಂಡಿತ್ತು. ಬಾಣಂತಿಯ ಸ್ನಾನದ್ದು ದಿನಾ ಎಂಟು ಬಿಂದಿಗೆ ಸುಮ್ಮನೆ ಮೋರಿಗೆ ಹೋಗುತ್ತಿತ್ತು. ವಿಮಲಮ್ಮ ಅದನ್ನು ಆರಿಸಿ ಹೊರಲು ನಿಂತಾಗ ಅತ್ತೆ ಅಡ್ಡ ಬಂದರು.

"ಬಾಣಂತಿ ನೀರು ನೆತ್ತಿ ಮ್ಯಾಲೆ ಸುರೀತಿಯಾ? ಮೈಲಿಗೆ!"

"ನೆತ್ತಿಗಲ್ಲ, ಹುರುಳಿಗೆ. ಹುರುಳಿಗೆ ಯಾವ ಮೈಲಿಗೆ?"

"ಹನ್ನೊಂದು ದಿನ ಕಳೀಲಿ."

"ಹನ್ನೊಂದು ದಿನ ಇರತ್ತಾ ಮಗು?"

ಆ ಮಾತು ಬಾಯಿಂದ ಹೊರಬಿದ್ದ ಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳುವ ದಾರಿ ಇರಲಿಲ್ಲ. ವೆಂಕಟಲಕ್ಷ್ಮಮ್ಮ ಬಿಂದಿಗೆ ಬಿಟ್ಟು ಪಕ್ಕಕ್ಕೆ ಸರಿದರು.

ಹನ್ನೊಂದನೆಯ ದಿನ ಮಗುವಿನ ಮೈ ಸುಡತೊಡಗಿತು. ಮೊಲೆ ಬಾಯಿಗಿಟ್ಟರೂ ಹಿಡಿಯಲಿಲ್ಲ. ನೆತ್ತಿಯ ಮೆತ್ತನೆಯ ಭಾಗ ಗುಳಿಬಿದ್ದಿತ್ತು. ನೀಲು ಕೂಗಿಕೊಳ್ಳಲಿಲ್ಲ. ಮಗುವನ್ನು ಮಡಿಲಲ್ಲಿಟ್ಟುಕೊಂಡು ಸೂರನ್ನೇ ನೋಡುತ್ತಿದ್ದಳು. ವಿಮಲಮ್ಮ ಮಗುವನ್ನು ಕಸಿದುಕೊಂಡು, ಟೋಪಿ ಕಿತ್ತೆಸೆದು, ಒದ್ದೆ ಬಟ್ಟೆಯಲ್ಲಿ ಸುತ್ತಿ, ಚಪ್ಪಲಿ ಕೂಡ ಮೆಟ್ಟದೆ ವಿಜಯನಗರದ ಡಾಕ್ಟರ ಹತ್ತಿರ ಓಡಿದಳು. ರಜೆಯ ದಿನ, ಮನೆಯಲ್ಲಿದ್ದ ಚನ್ನಕೇಶವ ಹಿಂದೆಯೇ ಓಡಿದ.

ಡಾಕ್ಟರು ವಯಸ್ಸಾದವರು. ಮಗುವಿನ ಬಾಯಿಗೆ ತೊಟ್ಟುತೊಟ್ಟು ನೀರು ಬಿಟ್ಟು, ಬಹಳ ಹೊತ್ತು ಹತ್ತಿರವೇ ಕೂತರು. ಜ್ವರ ಇಳಿದ ಮೇಲೆ ಕೇಳಿದರು: "ಎಲ್ಲಿ ಮಲಗಿಸ್ತೀರಿ? ಆರ್‌ಸಿಸಿ ಮನೇನಾ?"

"ಹೌದು" ಎಂದಳು ವಿಮಲಮ್ಮ.

"ಮಗೂಗೆ ಕಾಯಿಲೆ ಇಲ್ಲಮ್ಮ. ಬೇಯ್ತಾ ಇದೆ ಅದು."

ದಾರಿಯಲ್ಲಿ ಚನ್ನಕೇಶವ ಬಿಸಿಲಿಗೆ ಅಡ್ಡವಾಗಿ ತನ್ನ ಟವೆಲನ್ನು ಮಗುವಿನ ಮೇಲೆ ಚಾಚಿ ಹಿಡಿದುಕೊಂಡೇ ನಡೆದ. ಮನೆಗೆ ಬಂದವನು ಒಳಗೆ ಬರಲಿಲ್ಲ, ಜಗುಲಿಯಲ್ಲಿ ಕೂತ. ವೆಂಕಟಲಕ್ಷ್ಮಮ್ಮ ಮಂಚದಡಿಯ ಅಗ್ಗಿಷ್ಟಿಕೆಯನ್ನು ತಾವೇ ಎತ್ತಿ ಹಿತ್ತಲಿಗೆ ಒಯ್ದು ನೀರು ಸುರಿದರು. "ಕಿಟಕಿ ಮಾತ್ರ ತೆಗೀಬ್ಯಾಡಿ" ಎಂದರು. ಅವರ ದನಿಯಲ್ಲಿ ಬೇಡಿಕೆಯಿತ್ತು.

ಮಾರನೆಯ ಬೆಳಿಗ್ಗೆ ನೀರು ಹೊತ್ತು ಮೇಲೆ ಹತ್ತಿದ ವಿಮಲಮ್ಮ ಬಿಂದಿಗೆಯನ್ನು ಇಳಿಸಲೂ ಮರೆತು ನಿಂತಳು. ಕಪ್ಪು ಮಣ್ಣಿನ ತುಂಬ ಬೆನ್ನು ಬಗ್ಗಿಸಿ ಎದ್ದ ಹುರುಳಿ, ಎರಡೆರಡು ಎಲೆ.

ಅಲ್ಲಿಂದ ದಿನಗಳು ಎಣಿಕೆಯ ಮೇಲೆ ನಡೆದವು. ಹದಿಮೂರು. ಹದಿನೈದು. ಎಲೆ ಮೂರಾಯಿತು, ಬಳ್ಳಿ ಚಾಚಿತು. ಮಣ್ಣು ಸದಾ ತೇವ. ಸಂಜೆ ವಿಮಲಮ್ಮ ಸ್ಟೂಲು ಹತ್ತಿ ಸೂರು ಮುಟ್ಟುತ್ತಿದ್ದಳು: ಮೊದಲು ಉಗುರುಬಿಸಿ, ಆಮೇಲೆ ಗೋಡೆಯಷ್ಟೇ. ನಡುಮನೆಯ ಸೂರು ಈಗಲೂ ಕಾದ ಹಂಚು. ಆ ಕೋಣೆಯಿಂದ ನಡುಮನೆಗೆ ಬಂದರೆ ಒಲೆಯ ಮುಂದೆ ಬಂದ ಹಾಗಾಗುತ್ತಿತ್ತು. ಚನ್ನಕೇಶವ ಸಂಜೆ ಮಗು ನೋಡುವ ನೆಪದಲ್ಲಿ ಕೋಣೆಗೆ ಹೋಗಿ ಕೂರುತ್ತಿದ್ದ. ಕೂತು ಒಮ್ಮೊಮ್ಮೆ ಮೇಲೆ ನೋಡುತ್ತಿದ್ದ. ಅವನು ನೋಡುತ್ತಿದ್ದದ್ದು ತೇವದ ಕಲೆಗಾಗಿ ಎಂದು ವಿಮಲಮ್ಮನಿಗೆ ಗೊತ್ತಿತ್ತು.

ಇಪ್ಪತ್ತನೆಯ ದಿನ ಯಾರೂ ಅದನ್ನು ಇಪ್ಪತ್ತನೆಯ ದಿನ ಎಂದು ಹೇಳಲಿಲ್ಲ. ಗೋಪೀನಾಥ ರಜೆ ಹಾಕಿ ಬೆಳಿಗ್ಗೆಯೇ ಬಂದು ಜಗುಲಿಯಲ್ಲಿ ಕೂತ. ಅಡುಗೆಯಾಯಿತು, ಯಾರಿಗೂ ಸೇರಲಿಲ್ಲ. ಮಧ್ಯಾಹ್ನ ಮೂರಕ್ಕೆ ಮಗು ಎದ್ದು ಊರು ಕೇಳುವ ಹಾಗೆ ಕಿರುಚಿ ಹಾಲು ಕುಡಿದು, ಮತ್ತೆ ಮಲಗಿತು. "ಅಳು ನೋಡು, ಥೇಟ್ ವೆಂಕಟಲಕ್ಷ್ಮಮ್ಮ" ಎಂದ ಚನ್ನಕೇಶವ. ಆಮೇಲೆ ಎಲ್ಲರೂ ಊಟಕ್ಕೆ ಕೂತರು.

ಮೇ ತಿಂಗಳ ಎರಡನೆಯ ವಾರ, ಸಂಜೆ ನಾಲ್ಕಕ್ಕೆ ಪಡುವಣದಿಂದ ಮೋಡ ಕವಿದು ಮಳೆ ಬಂತು. ಆಲಿಕಲ್ಲು ಮಳೆ. ಅರ್ಧ ಗಂಟೆ ಸುರಿದಿರಬೇಕು, ಕೋಣೆಯಿಂದ ನೀಲು ಕೂಗಿದಳು. "ಅಮ್ಮಾ!"

ಸೂರಿನ ಮೂಲೆಯಲ್ಲಿ ಅಂಗೈಯಗಲ ತೇವ. ಅದರ ನಡುವೆ ಒಂದು ತೊಟ್ಟು ಕೂಡಿಕೊಂಡು, ದಪ್ಪಗಾಗಿ, ಮಂಚದ ಕಾಲಿನ ಪಕ್ಕ ಬಿತ್ತು.

ಚನ್ನಕೇಶವ ಬಾಗಿಲಲ್ಲಿ ನಿಂತು ನೋಡಿದ. ಹಿತ್ತಲಿಗೆ ಹೋಗಿ ಗುದ್ದಲಿ ತೆಗೆದುಕೊಂಡು ಮಳೆಯಲ್ಲೇ ಏಣಿ ಹತ್ತಿದ.

"ಕೇಶ್ವಾ!" ವೆಂಕಟಲಕ್ಷ್ಮಮ್ಮ ಕೂಗಿದ್ದು ಗುಡುಗಿನಲ್ಲಿ ಮುಳುಗಿತು. ವಿಮಲಮ್ಮ ಅವನ ಹಿಂದೆಯೇ ಹತ್ತಿದಳು. ಸೀರೆ ಕಾಲಿಗೆ ತೊಡರಿ ಎರಡು ಸಲ ಜಾರಿದಳು. ಅಡ್ಡ ಬರಬಾರದೆಂದು ಅವನು ಹೇಳಿದ್ದ. ಅಡ್ಡ ಬೀಳುವುದೆಂದೇ ಅವಳು ಹತ್ತಿದ್ದು.

ಮೇಲೆ ಚನ್ನಕೇಶವ ಮಂಡಿಯೂರಿ ಕೂತಿದ್ದ. ಆಲಿಕಲ್ಲಿಗೆ ಉದುರಿದ ಹುರುಳಿ ಎಲೆ, ಬಳ್ಳಿ ಎಲ್ಲ ತೇಲಿ ಹೋಗಿ ತೂಬಿನ ಬಾಯಿ ಕಟ್ಟಿತ್ತು. ಆ ಮೂಲೆಯಲ್ಲಿ ಮೊಣಕಾಲುದ್ದ ಅಲ್ಲದಿದ್ದರೂ ಗೇಣುದ್ದ ನೀರು ನಿಂತಿತ್ತು. ಅವನು ಮೊಣಕೈವರೆಗೆ ಕೈಹಾಕಿ ಎಲೆಯನ್ನು ಎಳೆದು ತೆಗೆದ. ನೀರು ಗೊಳಗೊಳ ಎಂದು ಹೊರಟಿತು. ಆಮೇಲೆ ಗುದ್ದಲಿಯ ಅಂಚಿನಿಂದ, ಕೆಳಗಿನ ಬೂದಿ ಮಣ್ಣಿಗೆ ತಾಗದ ಹಾಗೆ ಹುಷಾರಾಗಿ, ತೂಬಿನ ತನಕ ಒಂದು ಸಣ್ಣ ಕಾಲುವೆ ತೆಗೆದ.

"ನೀರು ಹೋಗಕ್ಕೆ ಒಂದೇ ತೂಬು ಸಾಲ್ದು" ಎಂದ. ಎರಡು ತಿಂಗಳ ಮೇಲೆ ಹೆಂಡತಿಗೆ ಆಡಿದ ಮೊದಲ ಮಾತು. ಅವಳು ಉತ್ತರಿಸುವ ಮುಂಚೆ, ತಲೆ ಎತ್ತದೆ ಕೇಳಿದ: "ಹೋದ್ ವರ್ಷ ಇದನ್ನ ಹಾಕಿದ್ರೆ ಉಳೀತಿತ್ತಾ, ವಿಮ್ಲಾ?"

ವರ್ಷದಿಂದ ಈ ಪ್ರಶ್ನೆಗೆ ಅವಳ ಹತ್ತಿರ ಉತ್ತರ ಸಿದ್ಧವಿತ್ತು. ಅವನ ಬೆನ್ನ ಮೇಲೆ ಅಂಗಿ ಅಂಟಿಕೊಂಡು ಮೂಳೆ ಕಾಣುತ್ತಿತ್ತು.

"ಕಿಟಕಿ ಮುಚ್ಚಿದ್ದು ಅತ್ತೆ" ಎಂದಳು. "ಅವತ್ತು ಬೆಳಿಗ್ಗೆ ಮಗು ಬೆಚ್ಚಗಿದೆ ಅಂತ ನೀಲು ಟೋಪಿ ತೆಗೆದಿದ್ಲು. ಗದರಿಸಿ ಮತ್ತೆ ಹಾಕಿದ್ದು ನಾನು. ಮೋಲ್ಡೊಂದೇ ಅಲ್ಲ."

ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಚನ್ನಕೇಶವ ಕೈಯ ಕೆಸರನ್ನು ಮಳೆಗೆ ಹಿಡಿದು ತೊಳೆದುಕೊಂಡ. ಬಹಳ ಹೊತ್ತು ತೊಳೆದ. ಆಮೇಲೆ ಏಣಿಯನ್ನು ಗಟ್ಟಿಯಾಗಿ ಹಿಡಿದು, "ನೀನು ಮೊದ್ಲು ಇಳಿ. ಜಾರತ್ತೆ" ಎಂದ.

ಕೆಳಗೆ ಬಂದರೆ ನಡುಮನೆಯಲ್ಲಿ ಟ್ರಂಕು ಇರಲಿಲ್ಲ. ನೀಲು ಅದನ್ನು ತಾನೇ ಕೋಣೆಗೆ ಎಳೆದು, ಸೋರುವ ಮೂಲೆಗೆ ಸರಿಸಿ, ಅದರ ಮೇಲೆ ಹಿತ್ತಾಳೆಯ ಪಾತ್ರೆ ಇಟ್ಟಿದ್ದಳು. ಕಿಟಕಿಯ ಒಂದು ಬಾಗಿಲು ತೆರೆದಿತ್ತು. ಒದ್ದೆ ಮಣ್ಣಿನ ಗಾಳಿ ಒಳಗೆ ಬರುತ್ತಿತ್ತು. ವೆಂಕಟಲಕ್ಷ್ಮಮ್ಮ ಅದನ್ನು ನೋಡಿಯೂ ನೋಡದವರಂತೆ ಗೋಡೆಗೆ ಒರಗಿ ಕೂತಿದ್ದರು.

"ಬಾಣಂತಿ ಭಾರ ಎಳೀಬಾರ್ದು ಅಂದೆ. ಕೇಳ್ತಾಳಾ?" ಎಂದರು ಮಗನಿಗೆ.

ಪಾತ್ರೆಯಲ್ಲಿ ತಳ ಮುಚ್ಚುವಷ್ಟು ನೀರಿತ್ತು. ಸೂರಿನಲ್ಲಿ ಇನ್ನೊಂದು ತೊಟ್ಟು ಕೂಡಿಕೊಂಡಿತ್ತು. ನಾಲ್ವರೂ ಅದನ್ನೇ ನೋಡುತ್ತಿದ್ದರು. ಅದು ಬೀಳಲಿಲ್ಲ. ಹೊರಗೆ ತೂಬಿನ ನೀರು ಅಂಗಳದ ಕಲ್ಲಿನ ಮೇಲೆ ಧೋ ಎಂದು ಬೀಳುತ್ತಿತ್ತು. ಮಗು ನಿದ್ದೆಯಲ್ಲೇ ಒಮ್ಮೆ ಕಾಲು ಝಾಡಿಸಿ, ಹೊದಿಕೆಯನ್ನು ಒದ್ದು ಕೆಳಗೆ ಹಾಕಿತು. ಅದನ್ನು ಎತ್ತಿ ಮತ್ತೆ ಹೊದಿಸಲು ಯಾರೂ ಕೈ ಚಾಚಲಿಲ್ಲ.